ಏನ್ ಬರೀಲಿ ಮೇಡಂ?

(ಕಾಲೇಜೊಂದರ ಕರ್ನಾಟಕ ಸಂಘದಲ್ಲಿ ಆಡಿದ ಮಾತುಗಳ ಬರಹ ರೂಪ)

ಎಲ್ಲರಿಗೂ ನಮಸ್ಕಾರ.

ನನಗೆ ಕೊಟ್ಟಿರುವ ವಿಷಯ ಯುವ ಬರಹಗಾರರ ದಿನಚರಿ. ಜೊತೆಗೆ ನೀವು ಕಾಲೇಜಿನಲ್ಲಿ ಕನ್ನಡ ಕಲಿಸುತ್ತೀರಲ್ಲ, ಅದನ್ನೂ ಸೇರಿಸಿ ಮಾತಾಡಿ ಅಂತ ಸಂಘದವರು ಹೇಳಿದ್ದಾರೆ. ಎರಡನ್ನೂ ಬೇರೆ ಬೇರೆ ಮಾಡಿ ಹೇಳುವುದು ನನಗೆ ಕಷ್ಟ. ಬೆಳಗ್ಗೆ ಕತೆ ಬರೆದ ಪೆನ್ನಿನಲ್ಲೇ ಮಧ್ಯಾಹ್ನ ಹುಡುಗರ ಪುಸ್ತಕ ತಿದ್ದುತ್ತೇನೆ. ಹಾಗಾಗಿ ಇವತ್ತು ಒಂದೇ ಮಾತು ಹೇಳುತ್ತೇನೆ. ನಮಗೆ ಬರೆಯೋಕೆ ಬರಲ್ಲ ಅನ್ನುವ ಹುಡುಗ ಹುಡುಗಿಯರ ಹತ್ತಿರ ಭಾಷೆ ಇದೆ, ವಿಷಯವೂ ಇದೆ. ಇವು ಹಾಳೆಯ ಮೇಲೆ ಬರುವಂಥವಲ್ಲ ಅಂತ ಅವರಿಗೆ ಯಾರೋ ಹೇಳಿಬಿಟ್ಟಿದ್ದಾರೆ, ಅಷ್ಟೇ.

ನಾನು ಪಾಠ ಮಾಡುವುದು ತಿಪಟೂರಿನ ಕಡೆ. ಪದವಿ ತರಗತಿಯಲ್ಲಿ ಕನ್ನಡ ಅಂದರೆ ಭಾಷಾ ವಿಷಯ. ಬಿ.ಎ., ಬಿ.ಎಸ್ಸಿ., ಬಿ.ಕಾಂ. ಎಲ್ಲರೂ ತಗೊಳ್ಳುತ್ತಾರೆ. ಬಿ.ಕಾಂ. ಸೆಕ್ಷನ್ ಕೊನೇ ಬೆಂಚಿನ ತನಕ ಭರ್ತಿ. ಜಾಸ್ತಿ ಜನ ಹಳ್ಳಿಯಿಂದ ಬರುವವರು. ಚಿಕ್ಕನಾಯಕನಹಳ್ಳಿ, ತುರುವೇಕೆರೆ, ಅರಸೀಕೆರೆ ಸುತ್ತಿನ ಊರುಗಳು. ಮೊದಲ ಪೀರಿಯಡ್ಡಿಗೆ ಬಸ್ ತಡವಾಗಿ ಅರ್ಧ ಕ್ಲಾಸ್ ಆಮೇಲೆ ಬರುತ್ತದೆ. ಕೊನೇ ಪೀರಿಯಡ್ಡಿನಲ್ಲಿ ಬಸ್ ತಪ್ಪುತ್ತದೆ ಅಂತ ಅರ್ಧ ಕ್ಲಾಸ್ ಬ್ಯಾಗು ಹೆಗಲಿಗೆ ಹಾಕಿಕೊಂಡೇ ಕೂತಿರುತ್ತದೆ. ನಡುವೆ ಸಿಗುವ ಹೊತ್ತಿನಲ್ಲಿ ಹಳಗನ್ನಡದ ಪದ್ಯ, ವಚನ, ಒಂದೆರಡು ಕತೆ, ಲೇಖನ ಎಲ್ಲ ಮುಗಿಯಬೇಕು. 2021ರಲ್ಲಿ ರಾಷ್ಟ್ರೀಯ ಶಿಕ್ಷಣ ನೀತಿ ಬಂದು ನಾಲ್ಕು ವರ್ಷದ ಪದವಿ ಆಯಿತು. 2024ರಲ್ಲಿ ಅದು ಹೋಗಿ ಮತ್ತೆ ಮೂರು ವರ್ಷಕ್ಕೆ ಬಂತು. ಪಠ್ಯ ಬದಲಾಯಿತು, ಅಂಕದ ಲೆಕ್ಕ ಬದಲಾಯಿತು. ನಾನು ಕಂಡ ಹಾಗೆ ಮಕ್ಕಳು ತಮ್ಮದೇ ಮಾತಿನಲ್ಲಿ ಒಂದು ಪುಟ ಬರೆಯುವುದಕ್ಕೆ ಸಿಗುವ ಜಾಗ ಮಾತ್ರ ದೊಡ್ಡದಾಗಲಿಲ್ಲ.

ಮೊದಲ ಸೆಮಿಸ್ಟರಿನಲ್ಲಿ ಒಂದು ಪುಟ ಬರೆದುಕೊಡಿ ಅಂದರೆ ಏನು ಬರುತ್ತದೆ ಗೊತ್ತಾ? ಪೀಠಿಕೆ, ವಿಷಯ ನಿರೂಪಣೆ, ಉಪಸಂಹಾರ. ಮೂರಕ್ಕೂ ಸ್ಕೇಲ್ ಇಟ್ಟು ಅಡಿಗೆರೆ. ಗಾದೆ ವಿಸ್ತರಿಸಿ ಅಂದರೆ ಮೊದಲ ಸಾಲು, ಗಾದೆಗಳು ವೇದಗಳಿಗೆ ಸಮಾನ. ಎರಡನೇ ಸಾಲು, ವೇದ ಸುಳ್ಳಾದರೂ ಗಾದೆ ಸುಳ್ಳಾಗದು. ಗಾದೆ ಯಾವುದೇ ಇರಲಿ, ಈ ಎರಡು ಸಾಲು ಖಾಯಂ. ರಜೆ ಅರ್ಜಿಯಾದರೆ, ತಮ್ಮಲ್ಲಿ ವಿನಂತಿಸಿಕೊಳ್ಳುವುದೇನೆಂದರೆ.

ಇದರಲ್ಲಿ ಮಕ್ಕಳ ತಪ್ಪೇನೂ ಇಲ್ಲ. ಹತ್ತನೇ ಕ್ಲಾಸಿನಲ್ಲಿ, ಪಿಯುಸಿಯಲ್ಲಿ ಈ ಸಾಲುಗಳೇ ಅವರನ್ನು ದಡ ಸೇರಿಸಿವೆ. ಮೂರು ಗಂಟೆಯಲ್ಲಿ ಹತ್ತಾರು ಪುಟ ತುಂಬಿಸಬೇಕಾದ ಹುಡುಗನಿಗೆ ಸಿದ್ಧ ಸಾಲು ಬೇಕೇ ಬೇಕು. ಆದರೆ ವರ್ಷಗಟ್ಟಲೆ ಬರೀ ಇದನ್ನೇ ಬರೆದ ಮೇಲೆ ಮನಸ್ಸಿನಲ್ಲಿ ಒಂದು ನಂಬಿಕೆ ಕೂತುಬಿಡುತ್ತದೆ. ಕನ್ನಡ ಬರೆಯುವುದು ಅಂದರೆ ಮನೆಯಲ್ಲಿ ಯಾರೂ ಆಡದ ಮಾತನ್ನು ಬರೆಯುವುದು ಅಂತ. ನನ್ನ ಕೆಲಸದಲ್ಲಿ ಅತಿ ಕಷ್ಟದ್ದು ಈ ನಂಬಿಕೆಯನ್ನು ಎಬ್ಬಿಸಿ ಕಳಿಸುವುದು. ಕಾಗುಣಿತ, ಒತ್ತಕ್ಷರ ಎಲ್ಲ ಆಮೇಲೆ ಸರಿ ಮಾಡಬಹುದು.

ತಿಪಟೂರು ಅಂದರೆ ಕೊಬ್ಬರಿ, ನಿಮಗೆಲ್ಲ ಗೊತ್ತು. ಹಾಗಾಗಿ ತೆಂಗಿನ ಬಗ್ಗೆ ಬರೆಯಿರಿ ಅಂದೆ. ಒಬ್ಬ ಹುಡುಗಿ ಹೀಗೆ ಶುರು ಮಾಡಿದ್ದಳು: ತೆಂಗು ಕಲ್ಪವೃಕ್ಷ. ಇದು ನಮ್ಮ ಜಿಲ್ಲೆಯ ರೈತರ ಜೀವನಾಡಿಯಾಗಿದೆ. ನಾನು ಪುಸ್ತಕ ಮುಚ್ಚಿ ಅವಳನ್ನೇ ಕೇಳಿದೆ, ನಿಮ್ಮ ಮನೆಯಲ್ಲಿ ಕೊಬ್ಬರಿ ಕೆಲಸ ಯಾರು ಮಾಡ್ತಾರಮ್ಮ? ಅಮ್ಮ ಕೂಲಿಗೆ ಹೋಗ್ತಾರೆ ಮೇಡಂ, ಸುಲಿಯೋಕೆ, ಅಂದಳು. ಹೇಗೆ ಮಾಡ್ತಾರೆ ಹೇಳು ಅಂದೆ. ಅವಳು ಹತ್ತು ನಿಮಿಷ ನಿಲ್ಲಿಸದೆ ಹೇಳಿದಳು. ಕಾಯಿ ಅಟ್ಟದ ಮೇಲೆ ಹತ್ತಿರ ಹತ್ತಿರ ಒಂದು ವರ್ಷ ಕೂರುತ್ತದೆ. ಒಳಗಿನ ನೀರು ಇಂಗಬೇಕು. ಅಮ್ಮ ಒಂದೊಂದೇ ಕಾಯಿಯನ್ನು ಕಿವಿ ಹತ್ತಿರ ಹಿಡಿದು ಅಲ್ಲಾಡಿಸುತ್ತಾಳೆ. ನೀರಿದ್ದರೆ ಒಂದು ಸದ್ದು, ಗಿಟಕು ಚಿಪ್ಪಿನಿಂದ ಬಿಟ್ಟುಕೊಂಡಿದ್ದರೆ ಇನ್ನೊಂದು ಸದ್ದು. ಮಟ್ಟೆ ಸುಲಿದ ಮೇಲೆ ಚಿಪ್ಪು ಒಡೆಯಬೇಕು, ಆದರೆ ಒಳಗಿನ ಗಿಟಕಿಗೆ ಪೆಟ್ಟು ತಾಗಬಾರದು. ಉಂಡೆಯಾಗೇ ಬರಬೇಕು. ಪೆಟ್ಟಾದರೆ ರೇಟು ಇಲ್ಲ. ಸಂಜೆ ಮನೆಗೆ ಬಂದರೆ ಅಮ್ಮನ ಕೈ ಹಿಡಿದುಕೊಳ್ಳೋಕೆ ಆಗಲ್ಲ, ಅಷ್ಟು ಒರಟು. ತಂಗಿಗೆ ಜಡೆ ಹಾಕುವಾಗ ಕೂದಲು ಅಮ್ಮನ ಬೆರಳಿಗೆ ಸಿಕ್ಕಿಕೊಳ್ಳುತ್ತದೆ.

ಇದನ್ನೇ ಬರಿ ಅಂದೆ. ಅವಳು ಕೇಳಿದ್ದು, ಇದನ್ನೆಲ್ಲ ಬರೀಬಹುದಾ ಮೇಡಂ?

ನಾನು ಹೇಳಲು ಬಂದಿರುವುದು ಪೂರ್ತಿ ಆ ಪ್ರಶ್ನೆಯ ಬಗ್ಗೆ. ಸದ್ದು ಕೇಳಿ ಕಾಯಿ ಒಣಗಿದೆಯೋ ಇಲ್ಲವೋ ಹೇಳುವ ವಿದ್ಯೆಯನ್ನು ಕಣ್ಣಾರೆ ನೋಡಿ ಬೆಳೆದ ಹುಡುಗಿಗೆ, ಅದು ಬರೆಯುವಂಥ ವಿಷಯ ಅಂತ ಹೇಳಿದವರಿಲ್ಲ.

ಇನ್ನು ಕೆಲವರು ವಿಷಯವೇ ಇಲ್ಲ ಅನ್ನುತ್ತಾರೆ. ಏನ್ ಬರೀಲಿ ಮೇಡಂ, ನಮ್ಮನೇಲಿ ಏನೂ ನಡ್ಯಲ್ಲ. ಪ್ರತಿ ವರ್ಷ, ಪ್ರತಿ ಸೆಕ್ಷನ್ನಿನಲ್ಲಿ ಈ ಮಾತು ಬರುತ್ತದೆ. ಒಮ್ಮೆ ಪಕ್ಕದಲ್ಲಿ ಕೂತಿದ್ದವಳೇ ತಿರುಗಿ ಅಂದಳು, ಸುಮ್ನಿರೇ, ನಿಮ್ಮಜ್ಜಿ ಮೊನ್ನೆ ರಾತ್ರಿ ಕರೂನ ಹುಡುಕ್ಕೊಂಡು ಬ್ಯಾಟ್ರಿ ಹಿಡ್ಕಂಡು ಕೆರೆ ಏರಿ ಮೇಲೆಲ್ಲ ತಿರುಗಿದ್ದು ಏನದು? ಇಡೀ ಕ್ಲಾಸ್ ನಕ್ಕಿತು. ಆ ಹುಡುಗಿ ಆ ವಾರ ಕರುವಿನ ಕತೆ ಬರೆದಳು. ಅವತ್ತಿನಿಂದ ನಾನು ವಿಷಯ ಕೊಡುವುದನ್ನು ಕಡಿಮೆ ಮಾಡಿದೆ. ಬೆಂಚಿನಲ್ಲಿ ಜೊತೆಗಿರುವವರು ಒಬ್ಬರನ್ನೊಬ್ಬರು ಕೇಳಲಿ, ಕೇಳಿದ್ದು ಬರೆಯಲಿ. ಒಬ್ಬರ ಮನೆಯಲ್ಲಿ ನಡೆದದ್ದು ಇನ್ನೊಬ್ಬರ ಕಣ್ಣಿಗೆ ಬೇಗ ಕಾಣುತ್ತದೆ.

ಈಗ ಒಂದು ಕ್ಲಾಸಿನ ಕತೆಯನ್ನು ಸ್ವಲ್ಪ ನಿಧಾನವಾಗಿ ಹೇಳಬೇಕು.

2024ರ ಶುರುವಿನಲ್ಲಿ ನಮ್ಮ ಕಡೆ ಕೊಬ್ಬರಿಗೆ ಮಾರುಕಟ್ಟೆಯಲ್ಲಿ ಬೆಲೆ ಬಿದ್ದಿತ್ತು. ಉಂಡೆ ಕೊಬ್ಬರಿಗೆ ಆಗ ಕೇಂದ್ರದ ಬೆಂಬಲ ಬೆಲೆ ಕ್ವಿಂಟಲ್‌ಗೆ 12,000 ರೂಪಾಯಿ ಇತ್ತು. ಆ ಬೆಲೆಗೆ ಕೊಡಬೇಕು ಅಂದರೆ ಮೊದಲು ಹೆಸರು ನೋಂದಾಯಿಸಬೇಕು. ರೈತರು ರಾತ್ರಿಯೆಲ್ಲ ನೋಂದಣಿ ಕೇಂದ್ರದ ಮುಂದೆ ಸಾಲು ನಿಂತರು. ಪೇಪರಿನಲ್ಲಿ ಫೋಟೋ ನೋಡಿರುತ್ತೀರಿ. ನನ್ನ ಕ್ಲಾಸಿನ ಒಬ್ಬ ಹುಡುಗನ ಅಪ್ಪನೂ ಆ ಸಾಲಿನಲ್ಲಿದ್ದರು.

ಆ ಹುಡುಗನಿಗೆ ಬರೆಯುವುದು ಅಂದರೆ ಭಯ. ಕಾಗುಣಿತ ಕೈ ಕೊಡುತ್ತದೆ, ಅದಕ್ಕೆ ಪೆನ್ನನ್ನೇ ಮುಟ್ಟುವುದಿಲ್ಲ. ಫೋನಿನ ಕನ್ನಡ ಕೀಬೋರ್ಡಿನಲ್ಲಿ ಮೈಕ್ ಇದೆಯಲ್ಲ, ಅದನ್ನು ಒತ್ತಿ ನನಗೆ ಹೇಳೋ ಹಾಗೆ ಹೇಳು ಅಂದೆ. ಮರುದಿನ ಕಳಿಸಿದ. ಮೈಕಿನಲ್ಲಿ ಹೇಳಿದ್ದಕ್ಕೆ ಚುಕ್ಕೆ ಇಲ್ಲ, ಅಲ್ಪವಿರಾಮ ಇಲ್ಲ. ಒಂದೇ ಉಸಿರು. ನಾನು ಅದನ್ನು ಹಾಗೆಯೇ ಬೋರ್ಡಿನ ಮೇಲೆ ಬರೆದೆ:

ಅಪ್ಪ ಎಂಟು ಗಂಟೆಗೆ ಬಂದು ಊಟ ಮಾಡ್ದೆ ಕಂಬಳಿ ತಗೊಂಡು ಹೊರಟ್ರು ಎಲ್ಲಿಗಪ್ಪಾ ಅಂದೆ ಸಾಲಿಗೆ ಅಂದ್ರು ನಾನೂ ಬತ್ತೀನಿ ಅಂದೆ ಬ್ಯಾಡ ನಿಂಗೆ ಪರೀಕ್ಷೆ ಅಂದ್ರು ಬೆಳಗ್ಗೆ ಟೀ ತಗೊಂಡು ಹೋದೆ ಅಪ್ಪ ಇರ್ಲಿಲ್ಲ ಅಪ್ಪನ ಜಾಗದಲ್ಲಿ ಅಪ್ಪನ ಚಪ್ಪಲಿ ಇತ್ತು ರೈತ ನಮ್ಮ ದೇಶದ ಬೆನ್ನೆಲುಬು ಆದ್ದರಿಂದ ಸರ್ಕಾರ ರೈತರ ಕಡೆ ಗಮನ ಹರಿಸಬೇಕು

ಎಲ್ಲಿ ಪೂರ್ಣವಿರಾಮ ಹಾಕೋಣ ಅಂತ ಕ್ಲಾಸಿಗೆ ಕೇಳಿದೆ. ಅವತ್ತಿನಷ್ಟು ಗಲಾಟೆ ನನ್ನ ಕ್ಲಾಸಿನಲ್ಲಿ ಯಾವತ್ತೂ ಆಗಿರಲಿಲ್ಲ. ಹೊರಟ್ರು ಆದ ಮೇಲೆ ನಿಲ್ಲಿಸಬೇಕು ಅಂತ ಒಬ್ಬ. ಅಂದೆ, ಅಂದ್ರು ಇವು ಬೇರೆ ಬೇರೆ ಸಾಲಿನಲ್ಲಿ ಬರಲಿ ಅಂತ ಇನ್ನೊಬ್ಬ. ಅಪ್ಪ ಇರ್ಲಿಲ್ಲ ಅನ್ನುವುದಕ್ಕೆ ಒಂದು ಚುಕ್ಕೆ, ಆಮೇಲೆ ಚಪ್ಪಲಿಗೆ ಒಂದು ಚುಕ್ಕೆ, ನಡುವೆ ಓದುವವನಿಗೆ ಗಾಬರಿ ಆಗಬೇಕು ಅಂತ ಮೂರನೆಯವಳು. ಆಗ ಹಿಂದಿನ ಬೆಂಚಿನಿಂದ ಒಬ್ಬಳು ಕೂಗಿದಳು, ಚಪ್ಪಲಿಗೇ ನಿಲ್ಸು ಕಣೋ, ಬೆನ್ನೆಲುಬು ಬ್ಯಾಡ!

ಹುಡುಗ ನನ್ನ ಮುಖ ನೋಡಿದ. ಉಪಸಂಹಾರ ಬೇಡ್ವಾ ಮೇಡಂ ಅಂದ. ಬೇಡ ಅಂದೆ. ಅವನೇ ಬಂದು ಡಸ್ಟರ್ ತಗೊಂಡು ಕೊನೇ ಸಾಲು ಅಳಿಸಿದ. ವ್ಯಾಕರಣದ ಪಾಠದಲ್ಲಿ ಪೂರ್ಣವಿರಾಮದ ಬಗ್ಗೆ ನಾನು ಎಷ್ಟು ಹೇಳಿದ್ದರೂ ಅಷ್ಟು ತಲುಪುತ್ತಿರಲಿಲ್ಲ. ವಾಕ್ಯ ಎಲ್ಲಿ ನಿಲ್ಲಬೇಕು ಅಂತ ಅವರಿಗೆ ಗೊತ್ತಿತ್ತು. ಹರಟೆಯಲ್ಲಿ, ಜಗಳದಲ್ಲಿ, ಊರಿನ ಸುದ್ದಿ ಹೇಳುವಾಗ ಅವರು ಅದನ್ನು ದಿನಾ ಮಾಡುತ್ತಾರೆ.

ಅವನ ಬರಹದಲ್ಲಿ ಬತ್ತೀನಿ, ಬ್ಯಾಡ ಅಂತ ಇದ್ದದ್ದನ್ನು ನಾನು ತಿದ್ದಲಿಲ್ಲ. ಕೆಲವು ಸಹೋದ್ಯೋಗಿಗಳಿಗೆ ಇದು ಇಷ್ಟ ಆಗುವುದಿಲ್ಲ. ಕಾಲೇಜಿಗೆ ಬಂದ ಮೇಲಾದರೂ ಶುದ್ಧ ಕನ್ನಡ ಕಲಿಯಲಿ ಅನ್ನುತ್ತಾರೆ. ಅವರ ಕಾಳಜಿ ನನಗೆ ಅರ್ಥ ಆಗುತ್ತದೆ. ನಾಳೆ ಈ ಹುಡುಗ ಸ್ಪರ್ಧಾತ್ಮಕ ಪರೀಕ್ಷೆ ಬರೆಯಬೇಕು, ಕಚೇರಿಗೆ ಪತ್ರ ಬರೆಯಬೇಕು. ಆ ಕನ್ನಡವನ್ನೂ ಕಲಿಸುತ್ತೇನೆ, ಗಟ್ಟಿಯಾಗಿಯೇ ಕಲಿಸುತ್ತೇನೆ. ಆದರೆ ಅಪ್ಪ ಆಡಿದ ಮಾತು ಅಪ್ಪನ ಬಾಯಲ್ಲಿ ಇದ್ದ ಹಾಗೆ ಬರಬೇಕು. ಅದನ್ನು ತಿದ್ದುವ ಅಧಿಕಾರ ನನಗೆ ಯಾರೂ ಕೊಟ್ಟಿಲ್ಲ.

ಈಗ ಚಾಟ್‌ಜಿಪಿಟಿ ಬಂದಿದೆ. ತೆಂಗಿನ ಬಗ್ಗೆ ಪ್ರಬಂಧ ಕೊಡು ಅಂದರೆ ನಿಮಿಷದಲ್ಲಿ ಕೊಡುತ್ತದೆ. ಅಧ್ಯಾಪಕರೆಲ್ಲ ಇದರ ಬಗ್ಗೆ ಚಿಂತೆ ಮಾಡುತ್ತಿದ್ದಾರೆ. ನನಗೂ ಚಿಂತೆ ಇದೆ. ಗೈಡಿನಿಂದ ಇಳಿಸಿಕೊಂಡರೂ ಕೈ ಒಂದು ಸಲ ಆ ಸಾಲುಗಳ ಮೇಲೆ ಓಡಾಡುತ್ತಿತ್ತು, ಈಗ ಅದೂ ಇಲ್ಲ. ಹಾಗಾಗಿ ಮನೆಗೆ ಬರಹ ಕೊಡುವುದು ಬಿಟ್ಟಿದ್ದೇನೆ. ಕ್ಲಾಸಿನಲ್ಲೇ ಕೂತು ಬರೆಯಬೇಕು, ನಾನೂ ಅವರ ಜೊತೆ ಕೂತು ಬರೆಯುತ್ತೇನೆ. ನೆನ್ನೆ ನಿಮ್ಮ ಬಸ್ಸಿನಲ್ಲಿ ಯಾರು ಯಾರಿಗೆ ಸೀಟು ಬಿಟ್ಟರು ಅಂತ ಕೇಳಿದರೆ ಯಾವ ಯಂತ್ರಕ್ಕೂ ಗೊತ್ತಿರುವುದಿಲ್ಲ, ಬಸ್ಸಿನಲ್ಲಿ ಬಂದವರಿಗೆ ಗೊತ್ತಿರುತ್ತದೆ.

ಬರೆದದ್ದು ಎಲ್ಲಿಗೆ ಹೋಗುತ್ತದೆ ಅನ್ನುವುದು ಇನ್ನೊಂದು ಪ್ರಶ್ನೆ. ಅಧ್ಯಾಪಕಿ ಒಬ್ಬಳೇ ಓದಿ ಹತ್ತಕ್ಕೆ ಏಳು ಹಾಕಿದರೆ ಮುಗಿಯಿತು, ಅಲ್ವಾ? ಅದಕ್ಕೇ ಭಿತ್ತಿಪತ್ರಿಕೆ ಬೇಕು. ನಮ್ಮಲ್ಲಿ ಮೆಟ್ಟಿಲ ಪಕ್ಕದ ಗೋಡೆಗೆ ಒಂದು ಬೋರ್ಡ್ ಹಾಕಿದ್ದೇವೆ. ಮಕ್ಕಳೇ ಆರಿಸುತ್ತಾರೆ, ಮಕ್ಕಳೇ ಅಂಟಿಸುತ್ತಾರೆ. ಕ್ಲಾಸಿಗೆ ಹೋಗುವವರು ಅಲ್ಲಿ ನಿಂತು ಓದುತ್ತಾರೆ. ಬರೆದವಳು ಸ್ವಲ್ಪ ದೂರದಲ್ಲಿ ಏನೋ ಕೆಲಸ ಇರುವ ಹಾಗೆ ನಿಂತುಕೊಂಡು ಓದುವವರ ಮುಖವನ್ನೇ ನೋಡುತ್ತಿರುತ್ತಾಳೆ. ಯಾರಾದರೂ ಅರ್ಧಕ್ಕೆ ಬಿಟ್ಟು ಹೋದರೆ ಎಲ್ಲಿ ಬಿಟ್ಟರು ಅಂತ ಅವಳಿಗೆ ಗೊತ್ತಾಗುತ್ತದೆ. ಮರುವಾರ ಆ ಜಾಗ ತಿದ್ದಿಕೊಂಡು ಬರುತ್ತಾಳೆ. ನಾನು ಹೇಳಿಕೊಡಲು ಆಗದ್ದನ್ನು ಆ ಗೋಡೆ ಹೇಳಿಕೊಡುತ್ತದೆ.

ನಿಮ್ಮ ಕರ್ನಾಟಕ ಸಂಘದಂಥ ಸಂಘಗಳನ್ನು ಚಿಕ್ಕದು ಅಂದುಕೊಳ್ಳಬೇಡಿ. ಸುಮಾರು ನೂರು ವರ್ಷದ ಹಿಂದೆ ಬೆಂಗಳೂರಿನ ಸೆಂಟ್ರಲ್ ಕಾಲೇಜಿನ ಕರ್ನಾಟಕ ಸಂಘದಿಂದಲೇ ಎ.ಆರ್. ಕೃಷ್ಣಶಾಸ್ತ್ರಿಗಳು ಪ್ರಬುದ್ಧ ಕರ್ಣಾಟಕ ಪತ್ರಿಕೆ ಶುರು ಮಾಡಿದರು. ಕನ್ನಡದಲ್ಲಿ ಗಂಭೀರವಾಗಿ ಬರೆಯುವವರಿಗೆ ಅದು ಜಾಗ ಆಯಿತು. ಅದಕ್ಕೆ ಮೂಲ ಇಂಥದ್ದೇ ಒಂದು ಕಾಲೇಜು, ಇಂಥವೇ ಬೆಂಚುಗಳು.

ನನ್ನ ಬರವಣಿಗೆಯ ವಿಷಯಕ್ಕೆ ಬರುತ್ತೇನೆ. ನಾನು ಬರೆಯುವುದು ಬೆಳಗಿನ ಜಾವ, ಮನೆಯವರು ಏಳುವ ಮುಂಚೆ. ರೈಲಿನಲ್ಲಿ ಸೀಟು ಸಿಕ್ಕರೆ ನೋಟ್‌ಬುಕ್ ತೆಗೆಯುತ್ತೇನೆ, ಸಿಗದಿದ್ದರೆ ಫೋನಿನಲ್ಲಿ ನಾಲ್ಕು ಸಾಲು. ಮೌಲ್ಯಮಾಪನದ ದಿನಗಳಲ್ಲಿ ಏನೂ ಬರೆಯಲು ಆಗುವುದಿಲ್ಲ. ದಿನವಿಡೀ ಉತ್ತರ ಪತ್ರಿಕೆ ನೋಡಿದ ಮೇಲೆ ಅವೇ ಸಾಲುಗಳು ತಲೆಯಲ್ಲಿ ಓಡುತ್ತಿರುತ್ತವೆ. ಅವು ಇಳಿದು ಹೋಗಲು ಒಂದೆರಡು ವಾರ ಬೇಕು. ಆಗ ನಾನು ಬೇರೇನೂ ಮಾಡದೆ ಹಳೇ ಕತೆಗಾರರನ್ನು ಜೋರಾಗಿ ಓದುತ್ತೇನೆ. ಕಿವಿ ಮತ್ತೆ ಸರಿ ಹೋಗುತ್ತದೆ.

ಪಾಠ ಮಾಡುವವರು ಕತೆ ಬರೆಯುವಾಗ ಒಂದು ಅಪಾಯ ಇರುತ್ತದೆ. ನಮಗೆ ವಿವರಿಸುವುದೇ ಅಭ್ಯಾಸ. ಕ್ಲಾಸಿನಲ್ಲಿ ಒಂದು ಪದ್ಯದ ಸ್ವಾರಸ್ಯವನ್ನು ಬಿಡಿಸಿ ಬಿಡಿಸಿ ಹೇಳುತ್ತೇವೆ, ಹೇಳಲೇಬೇಕು. ಕತೆಯಲ್ಲಿ ಅದೇ ಮಾಡಿದರೆ ಓದುವವರಿಗೆ ಕೆಲಸವೇ ಇರುವುದಿಲ್ಲ. ಮೊನ್ನೆ ಒಂದು ಕತೆ ಬರೆಯುತ್ತಿದ್ದೆ. ಒಬ್ಬ ಮುದುಕಿ ಹಸು ಮಾರುತ್ತಾಳೆ. ಕೊಂಡವನು ಹಸು ಹೊಡಕೊಂಡು ಹೊರಡುವಾಗ ಅವಳು ಹಗ್ಗ ಬಿಚ್ಚಿ ತನ್ನ ಹತ್ತಿರ ಇಟ್ಟುಕೊಳ್ಳುತ್ತಾಳೆ. ಅಲ್ಲಿ ಅವಳ ದುಃಖದ ಬಗ್ಗೆ ಬರೆಯಬೇಕಾ ಅಂತ ತುಂಬ ಹೊತ್ತು ಯೋಚಿಸಿದೆ. ಆಗ ಕಿವಿಯಲ್ಲಿ ಕೇಳಿದ್ದು ಆ ಹುಡುಗಿಯ ಮಾತು, ಚಪ್ಪಲಿಗೇ ನಿಲ್ಸು ಕಣೋ. ಹಗ್ಗಕ್ಕೇ ನಿಲ್ಲಿಸಿದೆ. ಪಾಠ ಮಾಡಿದರೆ ಬರೆಯಲು ಟೈಮ್ ಎಲ್ಲಿ ಸಿಗುತ್ತದೆ ಅಂತ ನನ್ನನ್ನು ಕೇಳುತ್ತಾರೆ. ಟೈಮ್ ಕಡಿಮೆ ಸಿಗುತ್ತದೆ, ನಿಜ. ಆದರೆ ಇಂಥ ಸಲಹೆ ಕೊಡುವವರು ಬೇರೆ ಎಲ್ಲೂ ಸಿಗುವುದಿಲ್ಲ.

ದುಡ್ಡಿನ ಮಾತು ಆಡದೆ ಹೋದರೆ ಈ ಉಪನ್ಯಾಸ ಅರ್ಧ ಆಗುತ್ತದೆ. ಇಲ್ಲಿ ಎಂ.ಎ. ಓದುವವರಿದ್ದಾರೆ, ಅವರಿಗೆ ಇದು ಗೊತ್ತಿರಬೇಕು. ನಮ್ಮ ಹಿರಿಯರಲ್ಲಿ ತುಂಬ ಜನ ಮೇಷ್ಟ್ರಾಗಿದ್ದವರು. ಕುವೆಂಪು 1929ರಲ್ಲಿ ಮೈಸೂರಿನ ಮಹಾರಾಜ ಕಾಲೇಜಿನಲ್ಲಿ ಕನ್ನಡ ಅಧ್ಯಾಪಕರಾದರು. ಬೇಂದ್ರೆಯವರಿಗೆ ಅಷ್ಟು ಸಲೀಸಾಗಿ ಕೆಲಸ ಸಿಗಲಿಲ್ಲ. ಜೈಲಿಗೆ ಹೋಗಿ ಬಂದ ಮೇಲೆ ನೆಲೆಯಿಲ್ಲದೆ ವರ್ಷಗಟ್ಟಲೆ ಕಳೆದರು. 1944ರಲ್ಲಿ ಸೊಲ್ಲಾಪುರದ ಡಿ.ಎ.ವಿ. ಕಾಲೇಜಿಗೆ ಸೇರಿದಾಗ ಅವರಿಗೆ ಐವತ್ತರ ಹತ್ತಿರ. ಮೇಷ್ಟ್ರ ಕೆಲಸ ಕನ್ನಡದ ಬರಹಗಾರರಿಗೆ ಅನ್ನ ಕೊಟ್ಟಿದೆ, ಆದರೆ ಎಲ್ಲರಿಗೂ ಬೇಕಾದ ಹೊತ್ತಿಗೆ ಕೊಟ್ಟಿಲ್ಲ.

ಇವತ್ತು ನನ್ನ ವಯಸ್ಸಿನವರಲ್ಲಿ ಜಾಸ್ತಿ ಜನ ಅತಿಥಿ ಉಪನ್ಯಾಸಕರು. ರಾಜ್ಯದ ಸರ್ಕಾರಿ ಪದವಿ ಕಾಲೇಜುಗಳಲ್ಲೇ ಸಾವಿರಾರು ಮಂದಿ ಇದ್ದಾರೆ. 2022ರ ಜನವರಿಯಲ್ಲಿ ಗೌರವಧನ ಹೆಚ್ಚಾಯಿತು. ಅದಕ್ಕೆ ಮುಂಚೆ ತಿಂಗಳಿಗೆ 11ರಿಂದ 13 ಸಾವಿರ ಇತ್ತು, ಆಮೇಲೆ ಅರ್ಹತೆ, ಅನುಭವ ನೋಡಿ 26ರಿಂದ 32 ಸಾವಿರದ ತನಕ ಆಯಿತು. ವಾರದ ಪಾಠದ ಅವಧಿಯೂ 15 ಗಂಟೆಗೆ ಏರಿತು. ಹೋರಾಡಿ ಪಡೆದದ್ದು ಅದು, ಸಣ್ಣದಲ್ಲ. ಆದರೆ ಒಬ್ಬರ ಹತ್ತಿರ 15 ಗಂಟೆ ಪಾಠ ತಗೊಂಡರೆ ಎರಡನೆಯವರಿಗೆ ಪಾಠ ಉಳಿಯುವುದಿಲ್ಲ. ಜೊತೆಯಲ್ಲಿ ಚಹಾ ಕುಡಿಯುತ್ತಿದ್ದವರು ಮುಂದಿನ ಸೆಮಿಸ್ಟರಿಗೆ ಸ್ಟಾಫ್ ರೂಮಿನಲ್ಲಿ ಇರಲಿಲ್ಲ ಅನ್ನುವ ಅನುಭವ ನಮ್ಮಲ್ಲಿ ಹಲವರಿಗೆ ಇದೆ. ಮುಂದಿನ ವರ್ಷ ಇದೇ ಊರಿನಲ್ಲಿ ಇರುತ್ತೇನಾ ಅಂತ ಗೊತ್ತಿಲ್ಲದವರು ಕಾದಂಬರಿ ಬರೆಯಲು ಕೂರುವುದು ಕಷ್ಟ. ಸಣ್ಣಕತೆ, ಕವಿತೆ ಬರೆಯುತ್ತಾರೆ. ಇವತ್ತಿನ ಯುವ ಬರಹಗಾರರು ದೊಡ್ಡದು ಯಾಕೆ ಬರೆಯುವುದಿಲ್ಲ ಅಂತ ಕೇಳುವ ವಿಮರ್ಶಕರು ಇದನ್ನೂ ಲೆಕ್ಕಕ್ಕೆ ತಗೊಳ್ಳಬೇಕು ಅಂತ ನನಗೆ ಅನ್ನಿಸುತ್ತದೆ.

ಬರೆಯುವುದಕ್ಕೆ ಮೇಷ್ಟ್ರ ಕೆಲಸವೇ ಆಗಬೇಕು ಅಂತಲೂ ಇಲ್ಲ. 2025ರ ಮೇ ತಿಂಗಳಲ್ಲಿ ಬಾನು ಮುಷ್ತಾಕ್ ಅವರಿಗೆ ಇಂಟರ್‌ನ್ಯಾಷನಲ್ ಬೂಕರ್ ಬಂತಲ್ಲ, ಅನುವಾದ ಮಾಡಿದ ದೀಪಾ ಭಾಸ್ತಿ ಅವರ ಜೊತೆಗೆ. ಬಾನು ಮೇಡಂ ಹಾಸನದಲ್ಲಿ ವಕೀಲಿ ಮಾಡಿಕೊಂಡೇ ಬರೆದವರು. ನಮ್ಮ ಅರಸೀಕೆರೆ ಕಡೆಯ ಹುಡುಗಿಯರಿಗೆ ಅದು ಪಕ್ಕದ ಮನೆಯ ಸುದ್ದಿ. ಅರಸೀಕೆರೆ ಇರುವುದೇ ಹಾಸನ ಜಿಲ್ಲೆಯಲ್ಲಿ. ಆ ವಾರ ಲೈಬ್ರರಿಯಲ್ಲಿ ಅವರ ಪುಸ್ತಕ ಕೇಳಿಕೊಂಡು ಬಂದವರಲ್ಲಿ ಬುರ್ಖಾ ಹಾಕಿದ ಇಬ್ಬರು ಬಿ.ಕಾಂ. ಹುಡುಗಿಯರಿದ್ದರು. ಅದರಲ್ಲಿ ಒಬ್ಬಳು ಈಗ ಭಿತ್ತಿಪತ್ರಿಕೆಗೆ ಬರೆಯುತ್ತಾಳೆ. ಅವರಮ್ಮ ಹೊಲಿಗೆ ಮಿಷನ್ನಿನ ಮುಂದೆ ಕೂತು ಗಿರಾಕಿಗಳ ಜೊತೆ ಆಡುವ ಮಾತು, ಅವರು ಹೋದ ಮೇಲೆ ಆಡುವ ಮಾತು, ಎರಡನ್ನೂ ಬರೆಯುತ್ತಾಳೆ. ತುಂಬ ಚೆನ್ನಾಗಿ ಬರೆಯುತ್ತಾಳೆ.

ಕೊನೆಯಲ್ಲಿ, ಬರೆದದ್ದನ್ನು ಎಲ್ಲಿಗೆ ಕಳಿಸಬೇಕು ಅಂತ ಮುಂಚೆಯೇ ಒಂದಿಬ್ಬರು ಕೇಳಿದ್ದೀರಿ. ಮೊದಲು ನಿಮ್ಮ ಗೋಡೆಗೆ. ಆಮೇಲೆ ಸುಧಾ, ಮಯೂರ, ತರಂಗ ಇವೆ, ದಿನಪತ್ರಿಕೆಗಳ ಭಾನುವಾರದ ಪುರವಣಿಗಳಿವೆ. ಪ್ರಜಾವಾಣಿಯವರ ದೀಪಾವಳಿ ಕಥಾಸ್ಪರ್ಧೆಗೆ ಕರೆ ಬಂದಾಗ ಕಳಿಸಿ. ಪದಮಿತಿ ಕೊಟ್ಟಿರುತ್ತಾರೆ, ಅದನ್ನು ಮೀರಬೇಡಿ. ಯುನಿಕೋಡ್‌ನಲ್ಲಿ ಟೈಪ್ ಮಾಡಿ, ಹಳೇ ಫಾಂಟಿನಲ್ಲಿ ಕಳಿಸಿದರೆ ಅಕ್ಷರ ಚೆಲ್ಲಾಪಿಲ್ಲಿ ಆಗುತ್ತದೆ. ಒಂದು ಪ್ರತಿ ನಿಮ್ಮ ಹತ್ತಿರ ಇರಲಿ. ಒಂದೇ ಕತೆಯನ್ನು ಒಂದೇ ಸಲ ಎರಡು ಕಡೆ ಕಳಿಸಬೇಡಿ. ಉತ್ತರ ಬರದಿದ್ದರೆ ಬೇಜಾರಾಗಬೇಡಿ, ಕಾಯುವಾಗ ಇನ್ನೊಂದು ಬರೆಯಿರಿ. ಪುಸ್ತಕ ಮಾಡುವಷ್ಟು ಬರಹ ಸೇರಿದರೆ ಕನ್ನಡ ಪುಸ್ತಕ ಪ್ರಾಧಿಕಾರ ಯುವ ಬರಹಗಾರರ ಚೊಚ್ಚಲ ಕೃತಿಗೆ ಪ್ರೋತ್ಸಾಹಧನ ಕೊಡುತ್ತದೆ. ಪೇಪರಿನಲ್ಲಿ ಪ್ರಕಟಣೆ ಬರುತ್ತದೆ, ಕಣ್ಣಿಟ್ಟಿರಿ.

ನಿಮ್ಮಲ್ಲಿ ಯಾರಾದರೂ ಬರಹ ತಂದಿದ್ದರೆ ನನ್ನ ರೈಲಿಗೆ ಇನ್ನೂ ಹೊತ್ತಿದೆ. ಇಲ್ಲೇ ಮೆಟ್ಟಿಲ ಮೇಲೆ ಕೂತು ಓದೋಣ. ಪ್ರಶ್ನೆ ಇರುವವರು ಮೊದಲು ಕೇಳಿ.